ಟ್ಯಾಂಕಿಗೆ ಬಿದ್ದ ನೀಲಿ ಉಂಡೆ

ಹಾಜರಾದವರು: ಆರೋಪಿಯ ಸೊಸೆ. ವಯಸ್ಸು: 38 ವರ್ಷ. ಕಸುಬು: ಬ್ಯೂಟಿ ಪಾರ್ಲರಿನಲ್ಲಿ ಗಿರಾಕಿಗಳ ತಲೆ ತೊಳೆದು ಕೂದಲು ಕತ್ತರಿಸುವುದು. ವಾಸ: ಬಾಡಿಗೆ ಮನೆ, ಎರಡನೇ ಮಹಡಿ, ನೀರಿನ ಟ್ಯಾಂಕಿನ ನೇರ ಕೆಳಗೆ.

ನಾನು ಖುದ್ದಾಗಿ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ಕಟ್ಟಡದ ಟ್ಯಾಂಕಿಗೆ ವಿಷ ಬೆರೆಸಿದ್ದಾರೆಂಬ ದೂರಿನ ಮೇಲೆ ಇಂದು ಬೆಳಿಗ್ಗೆ ಕರೆತಂದು ಬೆಂಚಿನ ಮೇಲೆ ಕೂರಿಸಿರುವವರು ನನ್ನ ಮಾವನವರು. ವಯಸ್ಸು 71. ಮೊದಲು ನಲ್ಲಿ, ಪೈಪು ರಿಪೇರಿ ಮಾಡುತ್ತಿದ್ದರು. ಅವರು ಹಾಕಿದ್ದು ವಿಷವಲ್ಲ, ಸ್ನಾನದ ಉಂಡೆ. ಅದನ್ನು ಮಾಡಲು ಕಲಿಸಿದವಳು ನಾನೇ. ಯಾಕೆ ಹಾಕಿದಿರಿ ಎಂದು ಸಾಹೇಬರು ಎಷ್ಟು ಕೇಳಿದರೂ ಅವರು ಬಾಯಿ ಬಿಡುತ್ತಿಲ್ಲವೆಂದು ತಿಳಿಯಿತು. ನನಗೂ ಗೊತ್ತಿಲ್ಲ. ಗೊತ್ತಿರುವಷ್ಟನ್ನು ಹೇಳುತ್ತೇನೆ.

ಅತ್ತೆಯವರು ತೀರಿಕೊಂಡ ಮೇಲೆ ಮಾವನವರು ಸ್ನಾನವನ್ನೇ ಬಿಟ್ಟರು. ಯಾರಿಗೆ ತೋರಿಸೋಕೆ ಸ್ನಾನ ಎನ್ನುತ್ತಿದ್ದರು. ಬೈದೆ, ಗೋಗರೆದೆ, ಟವೆಲ್ ತಂದು ಹೆಗಲ ಮೇಲೆ ಎಸೆದೆ. ನನ್ನ ಗಂಡ ಲಾರಿ ಓಡಿಸುವವರು, ವಾರಗಟ್ಟಲೆ ಮನೆಯಲ್ಲಿರುವುದಿಲ್ಲ. ಮೂಗು ಮುಚ್ಚಿಕೊಂಡು ಅಡುಗೆ ಮಾಡುತ್ತಿದ್ದವಳು ನಾನೊಬ್ಬಳೇ. ಇದನ್ನೂ ಬರೆಯಬೇಕಾ ಎಂದು ಹೇಳಿಕೆ ಬರೆದುಕೊಳ್ಳುತ್ತಿರುವ ರೈಟರ್ ಕೇಳಿದರು. ಬರ್ಕೊಳ್ಳಿ ಎಂದೆ.

ಎರಡು ತಿಂಗಳ ಹಿಂದೆ ಪಾರ್ಲರಿನ ಗಿರಾಕಿಯೊಬ್ಬರು ಈ ಉಂಡೆಯ ವಿಷಯ ಹೇಳಿದರು. ನೀರಿಗೆ ಹಾಕಿದರೆ ಬುಸ್ಸೆಂದು ನೊರೆ ಬಿಟ್ಟು ಕರಗುತ್ತದೆ, ಘಮಘಮ ಎನ್ನುತ್ತದೆ. ಅದರಲ್ಲಿ ಏನೇನಿದೆ ಎಂದು ಅವರ ತಲೆ ತೊಳೆಯುತ್ತಲೇ ಕೇಳಿಕೊಂಡೆ. ಅಡುಗೆ ಸೋಡ ಎರಡು ಪಾಲು, ನಿಂಬೆ ಉಪ್ಪು ಒಂದು ಪಾಲು, ಕಾರ್ನ್ ಫ್ಲೋರ್ ಒಂದು ಪಾಲು, ಒಂದು ಚಮಚ ಕೊಬ್ಬರಿ ಎಣ್ಣೆ, ಕೆಲವು ಹನಿ ಮಲ್ಲಿಗೆಯ ಸುಗಂಧದ ಎಣ್ಣೆ, ಕೇಕಿಗೆ ಹಾಕುವ ನೀಲಿ ಬಣ್ಣ ಚಿಟಿಕೆ. ಎಲ್ಲವನ್ನೂ ಕಲಸಿ, ಪಾರ್ಲರಿನ ಸ್ಪ್ರೇ ಬಾಟಲಿಯಿಂದ ಚೂರೇ ಚೂರು ನೀರು ಚಿಮುಕಿಸಿ, ಬಟ್ಟಲಿಗೆ ಒತ್ತಿ, ಒಂದು ದಿನ ಒಣಗಿಸಬೇಕು. ನೀರು ಜಾಸ್ತಿಯಾದರೆ ಬಟ್ಟಲಲ್ಲೇ ಉಬ್ಬಿ ಹಾಳಾಗುತ್ತದೆ. ಇದರಲ್ಲಿ ವಿಷ ಎಲ್ಲಿದೆ, ನೀವೇ ಹೇಳಿ.

ಮೊದಲನೇ ಉಂಡೆಯನ್ನು ಬಕೆಟ್ಟಿಗೆ ಹಾಕಿದ ದಿನ ಮಾವನವರು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡಿದರು. ಸ್ನಾನ ಮುಗಿಸಿ ಬಂದು ಇನ್ನೊಂದಿದೆಯಾ ಎಂದರು. ಅಂದು ಎರಡು ಸಲ ಸ್ನಾನ ಮಾಡಿದರು. ನನಗೆ ಅಳು ಬಂತು, ನಗುವೂ ಬಂತು.

ಆಮೇಲೆ ಉಂಡೆ ಕಟ್ಟುವುದನ್ನೂ ಅವರೇ ಹಿಡಿದುಕೊಂಡರು. ಇದು ಯಾಕೆ ಬೇಗ ಕರಗಿತು, ಅದು ಯಾಕೆ ಮುಳುಗಿತು, ತೇಲುತ್ತಾ ಸುತ್ತುವ ಹಾಗೆ ಮಾಡೋಕಾಗುತ್ತಾ ಎಂದು ತಲೆ ತಿನ್ನುತ್ತಿದ್ದರು. ಹೋದ ವಾರ, ಸಾವಿರ ಲೀಟರಿಗೆ ಎಷ್ಟು ದೊಡ್ಡದು ಬೇಕಾಗಬಹುದು ಎಂದರು. ಯಾವ ಮಹಾರಾಜರ ಸ್ನಾನಕ್ಕೆ ಎಂದು ರೇಗಿಸಿ ಸುಮ್ಮನಾದೆ. ಮೊನ್ನೆ ಸಂಜೆ ನಮ್ಮ ಎರಡು ದೊಡ್ಡ ಬೋಗುಣಿಗಳು ಅಡುಗೆಮನೆಯಲ್ಲಿ ಇರಲಿಲ್ಲ. ಕೇಳಿದ್ದಕ್ಕೆ ಅವರು ಟೆರೇಸಿನ ಮೆಟ್ಟಿಲು ಹತ್ತಿಬಿಟ್ಟರು.

ಇಂದು ಬೆಳಿಗ್ಗೆ ಆರೂವರೆಗೆ ನಾನು ಸ್ನಾನಕ್ಕೆ ಹೊರಡುವಷ್ಟರಲ್ಲಿ ಕೆಳಗಿನ ಮನೆಯಲ್ಲೇ ಇರುವ ಕಟ್ಟಡದ ಓನರ್ ಬಾಯಿ ಬಡಿದುಕೊಳ್ಳುವುದು ಕೇಳಿಸಿತು. ಹಲ್ಲುಜ್ಜುತ್ತಿದ್ದರಂತೆ, ನಲ್ಲಿಯಲ್ಲಿ ನೀಲಿ ನೀರು ಬಂತಂತೆ. ಅಯ್ಯಯ್ಯೋ ವಿಷ ಎಂದು ಬೀದಿ ಒಂದು ಮಾಡಿದರು. ಟ್ಯಾಂಕು ಸೋರುವ ವಿಷಯಕ್ಕೆ ಅವರಿಗೂ ಮಾವನವರಿಗೂ ಮೊದಲೇ ಜಟಾಪಟಿ ಆಗಿತ್ತು. ಹಳೇ ದ್ವೇಷಕ್ಕೆ ಮಾಡಿದ್ದಾನೆ ಎಂದರು. ಕೇಸು ಹಾಕಿಸಿ ಈ ತಿಂಗಳೇ ಮನೆ ಖಾಲಿ ಮಾಡಿಸುತ್ತೇನೆ ಎಂದು ನನ್ನ ಮುಖದ ಮುಂದೆ ಕೈ ಆಡಿಸಿದರು. ಆ ಬಾಯಿಂದ ಮಲ್ಲಿಗೆ ಪರಿಮಳ ಬರುತ್ತಿತ್ತು.

ನಾನು ಡಬ್ಬದಲ್ಲಿ ಉಳಿದಿದ್ದ ಒಂದು ಉಂಡೆಯನ್ನು ಇಲ್ಲಿಗೆ ತಂದೆ. ಸಾಹೇಬರ ಅಪ್ಪಣೆಯಂತೆ ಠಾಣೆಯ ಸ್ಟೀಲ್ ಬಕೆಟ್ಟಿಗೆ ಹಾಕಿ ತೋರಿಸಿದೆ. ರೈಟರ್ ಪೆನ್ನು ಬಿಟ್ಟು ಎದ್ದು ಬಂದರು. ಇಬ್ಬರು ಪೇದೆಗಳೂ ಲಾಕಪ್ಪಿನ ಒಳಗಿದ್ದವರೂ ಬಗ್ಗಿ ನೋಡಿದರು. ನಾನು ಅದೇ ನೀರಲ್ಲಿ ಮುಖ ತೊಳೆದುಕೊಂಡೆ. ಸಾಹೇಬರೂ ಬೆರಳು ಅದ್ದಿ ಮೂಸಿ ನೋಡಿ, ತಮ್ಮ ಮನೆಯಲ್ಲೂ ಸ್ನಾನ ಎಂದರೆ ಓಡಿಹೋಗುವವನೊಬ್ಬನಿದ್ದಾನೆ, ಪಾಲು ಎಷ್ಟೆಷ್ಟು ಎಂದು ಕೇಳಿದರು. ಹೇಳಿದೆ.

ವಿಷ ಅಲ್ಲ ಎಂದಾದರೂ ಟ್ಯಾಂಕಿಗೇ ಯಾಕೆ ಹಾಕಿದಿರಿ ಎಂದು ಸಾಹೇಬರು ಮಾವನವರನ್ನು ಮತ್ತೆ ಕೇಳಿದರು. ಅವರು, ಮೊದಲು ಸೊಸೆಯನ್ನು ಹೊರಗೆ ಕಳಿಸಿ, ಆಮೇಲೆ ಹೇಳುತ್ತೇನೆ ಎಂದರು. ನಾನು ಕದಲಲಿಲ್ಲ. ಆಗ ಅವರು ಗೋಡೆ ನೋಡುತ್ತಾ ಹೇಳಿದ್ದೇನೆಂದರೆ, ಇವಳು ದಿನವಿಡೀ ಊರವರ ತಲೆ ತೊಳೆದು ಬರುತ್ತಾಳೆ, ಮನೆಯಲ್ಲಿ ಮಾತ್ರ ಗಡಿಬಿಡಿಯಲ್ಲಿ ಎರಡು ಚೊಂಬು ಸುರಿದುಕೊಂಡು ಓಡುತ್ತಾಳೆ. ಇಷ್ಟು ದಿನವಾದರೂ ಒಂದು ಉಂಡೆಯನ್ನೂ ತನಗೆಂದು ಮುಟ್ಟಿಲ್ಲ. ಕೈಗೆ ಕೊಟ್ಟರೆ, ನಿಮಗಿರಲಿ ಮಾವ ಎಂದು ವಾಪಸು ಡಬ್ಬಕ್ಕೆ ಹಾಕುತ್ತಾಳೆ. ನಲ್ಲಿಯಲ್ಲೇ ಬಂದರೆ ವಾಪಸು ಕೊಡೋಕಾಗಲ್ಲವಲ್ಲ ಎಂದು ಹಾಕಿದೆ. ಬೇರೆ ಮನೆಗಳ ವಾಲ್ವ್ ಬಂದ್ ಮಾಡಿಯೇ ಹಾಕಿದ್ದು. ಓನರ್ ಟ್ಯಾಂಕಿನಿಂದ ನೇರವಾಗಿ ತಮಗೆ ಬೇರೆ ಪೈಪು ಎಳೆಸಿಕೊಂಡಿದ್ದು ಗೊತ್ತಿರಲಿಲ್ಲ ಎಂದರು.

ಇದನ್ನು ಕೇಳಿ ನಾನು ಅವರ ಪಕ್ಕದಲ್ಲೇ ಬೆಂಚಿನ ಮೇಲೆ ಕೂತೆ. ರೈಟರ್ ನೀರು ತಂದುಕೊಟ್ಟರು.

ಓನರ್ ಟ್ಯಾಂಕಿಗೆ ಬೀಗ ಹಾಕಿದ್ದಾರೆ, ಮಧ್ಯಾಹ್ನ ಎಲ್ಲಾ ನೀರನ್ನೂ ಚರಂಡಿಗೆ ಬಿಡಿಸುತ್ತಾರೆಂದು ತಿಳಿದುಬಂದಿದೆ. ನಾನು ಇನ್ನೂ ಸ್ನಾನ ಮಾಡಿಲ್ಲ. ಆದ್ದರಿಂದ ಮಾವನವರನ್ನು ನನ್ನ ಜೊತೆ ಮನೆಗೆ ಕಳಿಸಬೇಕೆಂದೂ, ನಾನು ಎರಡು ಬಕೆಟ್ ಹಿಡಿದುಕೊಳ್ಳುವವರೆಗೆ ಟ್ಯಾಂಕು ಖಾಲಿ ಮಾಡಕೂಡದೆಂದು ಓನರಿಗೆ ಹೇಳಬೇಕೆಂದೂ ಕೇಳಿಕೊಳ್ಳುತ್ತೇನೆ.

ಬರೆದುಕೊಂಡಿದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದ್ದೇ ಇದೆ, ನಿಜವೇ ಇದೆ.

ಸ್ಥಳ: ಠಾಣೆ
ದಿನಾಂಕ: ಇಂದಿನದೇ, ಬೆಳಿಗ್ಗೆ 11 ಗಂಟೆ
ಸಹಿ: (ಸೊಸೆ)