ಕಬ್ಬಿಣ ತರಬಾರದ ಮನೆ

...ಅಳೋದಾದ್ರೆ ಹೊರಗೆ ಹೋಗಿ ಅಳಮ್ಮ. ಕಣ್ಣೀರಲ್ಲಿ ಉಪ್ಪಿರುತ್ತೆ. ಗಾಜಿನ ಬುರುಡೆ ಮೇಲೆ ಒಂದು ಹನಿ ಬಿದ್ರೂ ಕಲೆ ಕೂತ್ಕೊಳುತ್ತೆ, ಆಮೇಲೆ ಒರೆಸೋಕೆ ನಾನು ಬೆಂಗಳೂರಿಂದ ಸ್ಪಿರಿಟ್ ತರಿಸ್ಬೇಕು. ಏನು, ಅಳ್ತಾ ಇಲ್ವಾ? ಕಣ್ಣು ಕೆಂಪಗಿದೆ ಅಂದ್ಕೊಂಡೆ. ಸರಿ, ಕೂತ್ಕೊ. ಆ ಸ್ಟೂಲ್ ಬೇಡ, ಅದು ನಂದು.

ನೋಡು ಅರ್ಜೂ, ಕಾಗದ ನಿನ್ನ ಮುಂದೇನೇ ಇದೆ. ಮೂರು ಸಾಲು. ‘ಗುಬ್ಬಿಯ ನೂರ್ ಅಹಮದ್ ಅವರ ಮಗಳಾದ ನಾನು, ಪ್ರಯೋಗದ ಹೊತ್ತಿನಲ್ಲಿ ದುಪಟ್ಟಾಕ್ಕೆ ಕಬ್ಬಿಣದ ಪಿನ್ನು ಚುಚ್ಚಿಕೊಂಡು ಒಳಗೆ ಬರುತ್ತಿದ್ದೆ. ಫಲಿತಾಂಶ ಕೆಟ್ಟಿದ್ದು ಅದರಿಂದಲೇ.’ ಕೆಳಗೆ ಸೈನು. ನಾಳೆ ಬೆಳಿಗ್ಗೆ ಬೆಂಗಳೂರಿಂದ ತನಿಖಾ ಕಮಿಟಿಯೋರು ಬರ್ತಾರೆ, ಈ ಕಾಗದ ಕೈಗಿಟ್ರೆ ಪ್ರಯೋಗ ಉಳಿಯುತ್ತೆ, ನಾನೂ ಉಳೀತೀನಿ. ನಿನ್ನ ಪಿಎಚ್‌ಡಿ ಹೋಗುತ್ತೆ. ಅದನ್ನ ಬೆಣ್ಣೆ ಹಚ್ಚಿ ಹೇಳೋ ಮನುಷ್ಯ ಅಲ್ಲ ನಾನು.

ಯಾಕೆ ಹಂಗೆ ನೋಡ್ತೀಯ? ಅರ್ಥ ಆಗ್ಲಿಲ್ವಾ? ಮೊದಲಿಂದ ಹೇಳ್ತೀನಿ ಬಿಡು. ನಿಂಗೆ ಗೊತ್ತಿರೋದೇ, ಆದ್ರೂ ಹೇಳ್ತೀನಿ. ತುಮಕೂರು ಕಾಲೇಜಲ್ಲಿ ಅರ್ಧ ಆಯಸ್ಸು ಪಾಠ ಮಾಡಿದ ಬಾಯಿ ಇದು, ಗೊತ್ತಿದ್ದೋರಿಗೂ ಹೇಳುತ್ತೆ.

ಈ ಬುರುಡೆ ಒಳಗೆ ಪಾದರಸದ ಆವಿ ಇದೆ. ಒಂದೊಂದು ಪರಮಾಣುವೂ ಬುಗುರಿ ಥರ ತಿರುಗ್ತಾ ಇರುತ್ತೆ. ಬುರುಡೆಗೆ ನಾವು ವಿದ್ಯುತ್ತು ಹಾಕ್ತೀವಿ. ಒಂದು ಸಲ ಮೇಲ್ಮುಖವಾಗಿ, ಒಂದು ಸಲ ಕೆಳಮುಖವಾಗಿ. ಎರಡೂ ಸಲ ಬುಗುರಿ ಒಂದೇ ವೇಗದಲ್ಲಿ ತಿರುಗಿದ್ರೆ ವಿಶೇಷ ಏನಿಲ್ಲ, ಊಟ ಮಾಡಿ ಮಲಗಬಹುದು. ಕೂದಲೆಳೆಯಷ್ಟು ವ್ಯತ್ಯಾಸ ಬಂತೋ, ಪರಮಾಣುವಿನ ಒಳಗೆ ವಿದ್ಯುತ್ತು ಒಂದು ಕಡೆಗೆ ವಾಲಿಕೊಂಡಿದೆ ಅಂತ ಅರ್ಥ. ವಾಲಿದ್ರೆ ಏನಾಯ್ತು? ಸಿನಿಮಾ ರೀಲನ್ನ ಹಿಂದಕ್ಕೆ ಓಡಿಸಿದಂಗೆ ಕಾಲವನ್ನ ಹಿಂದಕ್ಕೆ ಓಡಿಸು. ಬುಗುರಿ ತಿರುಗೋ ದಿಕ್ಕು ಬದಲಾಗುತ್ತೆ, ವಾಲಿರೋ ಕಡೆ ಬದಲಾಗಲ್ಲ. ಅಂದ್ರೆ ಹಿಂದಕ್ಕೆ ಓಡೋ ಜಗತ್ತು ಬೇರೆ, ಮುಂದಕ್ಕೆ ಓಡೋ ಜಗತ್ತು ಬೇರೆ. ಯಾವ ಪರಮಾಣುವಿನಲ್ಲೂ ಇದನ್ನ ಕಂಡವರಿಲ್ಲ. ನಾವು ಕಂಡ್ವಿ. ಕಂಡ್ವಿ ಅಂತ ಹೇಳಿಕೊಂಡ್ವಿ.

ಹೇಳಿಕೊಂಡೋನು ನಾನೇ, ಹೌದು. ಪೇಪರಿನೋರು ಬಂದಾಗ ನೀನು ಬೇಡ ಸರ್ ಅಂದಿದ್ದು ನೆನಪಿದೆ. ಇನ್ನೊಂದಷ್ಟು ದಿನ ನೋಡೋಣ ಸರ್ ಅಂದೆ. ಫೋಟೋಗೆ ಮಾತ್ರ ಬಂದು ನಿಂತೆಯಲ್ಲ? ನಿಮ್ಮಪ್ಪ ಗುಬ್ಬಿ ಪೇಟೆಬೀದೀಲಿ ಅಂಗಡಿ ಅಂಗಡಿಗೂ ಬಾದುಷಾ ಹಂಚಿದ್ರಂತೆ. ಬೀಗ ರಿಪೇರಿ ಮಾಡೋರ ಮಗಳು ಕಾಲಕ್ಕೇ ಬೀಗದ ಕೈ ಕಂಡುಹಿಡಿದಳು ಅಂತ ಯಾರೋ ಭಾಷಣ ಬಿಗಿದನಂತೆ. ಕೇಳಿ ನಾನು ಎಷ್ಟು ನಕ್ಕೆ ಅಂದ್ರೆ, ನಮ್ಮ ಸರ್ವಮಂಗಳ ಅಡುಗೆಮನೆಯಿಂದ ಬಂದು ಏನ್ರೀ ಆಯ್ತು ಅಂದ್ಲು.

ಈಗ ಏನಾಯ್ತು? ಹೊರದೇಶದಲ್ಲಿ ಎರಡು ಲ್ಯಾಬಿನೋರು ಇದೇ ಪಾದರಸ ತಗೊಂಡು, ನಮಗಿಂತ ಒಳ್ಳೆ ಮಿಷನ್ ಇಟ್ಕೊಂಡು ನೋಡಿದ್ರು. ಏನೂ ಇಲ್ಲ. ಸೊನ್ನೆ. ಅಂದ್ಮೇಲೆ ನಮಗೆ ಕಂಡಿದ್ದು ಪ್ರಕೃತಿ ಅಲ್ಲ, ನಮ್ಮದೇ ಕೊಳಕು.

ಕೊಳಕು ಅಂದ್ರೆ ಕಬ್ಬಿಣ. ಬೇರೆ ಏನು ಇರಕ್ಕೆ ಸಾಧ್ಯ? ಬೆಂಗಳೂರಿನ ಗದ್ದಲ ಬೇಡ ಅಂತ ಕುಣಿಗಲ್ ದಾಟಿ ಹುಲಿಯೂರುದುರ್ಗದ ರಸ್ತೇಲಿ, ಕರೆಂಟ್ ಕಂಬಕ್ಕೂ ದೂರ, ಈ ಮರದ ಮನೆ ಕಟ್ಟಿಸಿದ್ದು ಯಾಕೆ? ತಾಮ್ರದ ಮೊಳೆ, ಬಾಗಿಲಿಗೆ ಹಿತ್ತಾಳೆ ತಿರುಗಣಿ. ತಿರುಗಣಿ ಮಾಡಿಕೊಟ್ಟಿದ್ದು ನಿಮ್ಮಪ್ಪನೇ, ಇಲ್ಲ ಅನ್ನಲ್ಲ. ಇದು ಮಡಿ ಮನೆ ಇದ್ದಂಗೆ ಕಣಮ್ಮ. ವಾಚು, ಬೆಲ್ಟು, ಬೀಗದ ಕೈ, ಎಲ್ಲ ಹೊರಗಿನ ತಟ್ಟೇಲಿ ಹಾಕಿ ಬರ್ಬೇಕು. ಒಂದು ಚೂರು ಕಬ್ಬಿಣ ಹತ್ರ ಬಂದ್ರೂ ಬುಗುರಿ ವೇಗ ಬದಲಾಗುತ್ತೆ. ಮೊದಲನೇ ದಿನ ನಿನ್ನ ತಾಯತ ನಾನೇ ಬಿಚ್ಚಿಸಿದ್ದೆ. ನಿಮ್ಮಜ್ಜಿ ಕಟ್ಟಿದ್ದು ಅಂತ ಮುಖ ಸಣ್ಣ ಮಾಡ್ಕೊಂಡೆ. ವಿಜ್ಞಾನ ಓದೋಳು ನೀನು, ಇದೇನಮ್ಮ ದಾರ ಗೀರ ಅಂತ ಎಲ್ಲರ ಮುಂದೇನೇ ಕೇಳಿದೆ. ಕೇಳಬೇಕಾಗಿತ್ತು, ಕೇಳಿದೆ.

ಈಗ ಲೆಕ್ಕ ಸರಳ. ಮೇಲ್ಮುಖದ ಅಳತೆ ಬೆಳಿಗ್ಗೆ, ಅದನ್ನ ತಗೊಳೋನು ನಾನು. ಕೆಳಮುಖದ್ದು ಮಧ್ಯಾಹ್ನ, ಅದು ನಿಂದು. ಶುರುವಿಂದ ಹಂಗೇ ನಡ್ಕೊಂಡು ಬಂದಿದೆ. ಊಟ ಆದ್ಮೇಲೆ ನಂಗೆ ಕಣ್ಣು ಎಳೆಯುತ್ತೆ, ಅದಕ್ಕೆ. ನಮ್ಮ ಉತ್ತರ ಅಂದ್ರೆ ಎರಡರ ನಡುವಿನ ವ್ಯತ್ಯಾಸ. ವ್ಯತ್ಯಾಸ ಸುಳ್ಳು ಅಂತಾದ್ರೆ ಕಬ್ಬಿಣ ಬಂದಿದ್ದು ಒಂದೋ ಬೆಳಿಗ್ಗೆ, ಇಲ್ಲಾ ಮಧ್ಯಾಹ್ನ.

ಯಾಕೆ ನಗ್ತೀಯ?

ನಗ್ಲಿಲ್ಲ ಅಂತ ತಲೆ ಆಡಿಸ್ಬೇಡ, ತುಟಿ ಅಲ್ಲಾಡಿದ್ದು ನೋಡಿದೆ. ನಿನ್ನ ತಲೇಲಿ ಏನು ಓಡ್ತಿದೆ ಗೊತ್ತು. ಹೋದ ವರ್ಷ ನೀನು ಕೇಳಿದ್ದೆ, ಸರ್ ಒಂದು ತಿಂಗಳು ನಾವಿಬ್ಬರೂ ಅದಲು ಬದಲು ಆಗೋಣ, ನಾನು ಬೆಳಿಗ್ಗೆ ಕೂರ್ತೀನಿ, ನೀವು ಮಧ್ಯಾಹ್ನ ಕೂತ್ಕೊಳಿ ಅಂತ. ನಾನು ಬೈದೆ. ಗೈಡಿನ ಸ್ಟೂಲ್ ಮೇಲೆ ಕೂರೋ ಆಸೆ ಇದ್ರೆ ಮೊದಲು ಗೈಡ್ ಆಗು ಅಂದೆ. ಬೈದಿದ್ದು ಸರೀನೇ. ಅವತ್ತು ನೀನು ಕೇಳಿದ್ದು ಪ್ರಯೋಗದ ಪ್ರಶ್ನೆ ಅಲ್ಲ, ನನ್ನ ಮೇಲಿನ ಅನುಮಾನ.

ನಿಮ್ಮ ಮನೆ ತುಂಬ ಕಬ್ಬಿಣ. ಅಂಗಡೀಲಿ ಕಬ್ಬಿಣ, ಜಗಲೀಲಿ ಕಬ್ಬಿಣ, ನಿಮ್ಮಪ್ಪನ ಉಗುರಿನ ಸಂದೀಲಿ ಕಬ್ಬಿಣ. ನಾನು ವೀರಭದ್ರಯ್ಯ, ಮನೇಲಿ ಇರೋದು ಪುಸ್ತಕ. ಕಮಿಟಿಯೋರು ಯಾರ ಕಡೆ ನೋಡ್ತಾರೆ, ನೀನೇ ಹೇಳು.

ಹೇಳಲ್ಲ. ಸರಿ, ಬಾಯಿ ಬಿಡ್ಬೇಡ. ನಿನ್ನ ಬಾಯಿ ಬೇಕಾಗೂ ಇಲ್ಲ.

ಮೂಲೇಲಿರೋ ಈ ಡಬ್ಬ ನೋಡು. ಮೊನ್ನೆ ಕಮಿಟಿಯೋರೇ ಕಳ್ಸಿದ್ದು. ಮನೆ ಒಳಗೆ ಎಷ್ಟು ಕಾಂತಶಕ್ತಿ ಇದೆ ಅಂತ ಪೆನ್ನು ತಾನಾಗೇ ಬರ್ಕೊಂಡು ಹೋಗುತ್ತೆ. ಪೇಪರ್ ರೋಲಿಗೆ ಅವರದ್ದೇ ಸೀಲು, ನಿಲ್ಲಿಸೋಕಾಗಲ್ಲ, ಹರಿಯೋಕಾಗಲ್ಲ, ನಾಳೆ ಅವರೇ ಬಂದು ಬಿಚ್ಚೋದು. ಗೆರೆ ಪಕ್ಕ ಟಿಪ್ಪಣಿ ಬರೆಯೋಕೆ ಮಾತ್ರ ಒಂದು ಕಿಂಡಿ ಬಿಟ್ಟಿದಾರೆ. ಮನೆ ಖಾಲಿ ಇದ್ದಾಗ ಪೆನ್ನು ಕೆಳಗೆ ಮಲಗಿರುತ್ತೆ. ಈಗ ನಾವಿಬ್ಬರೂ ಒಳಗೆ ಇದೀವಿ, ಎಷ್ಟು ಮೇಲೆ ಎದ್ದಿದೆ ನೋಡು. ಅಂದ್ರೆ ಒಳಗೆ ಕಬ್ಬಿಣ ಇದೆ.

ಪಿನ್ನು ತಟ್ಟೇಲಿ ಹಾಕಿ ಬಂದಿದೀಯ, ನೋಡಿದೀನಿ. ಇನ್ನೇನೋ ಇರುತ್ತೆ. ಹೆಂಗಸರ ಮೈಮೇಲೆ ಕ್ಲಿಪ್ಪು, ಕೊಕ್ಕೆ, ಸಾವಿರ ಇರುತ್ತೆ, ನಾನು ಹುಡುಕ್ಲಾ? ಪೆನ್ನೇ ಹುಡುಕಲಿ. ಇಲ್ಲಿ ನಾವು ಮಾಡೋ ಕೆಲಸವೇ ಅದು ತಾನೆ, ಒಂದನ್ನ ತೆಗೆದು ನೋಡೋದು, ತಿರುಗಿಸಿ ನೋಡೋದು. ಏಳು, ಹೊರಗೆ ಹೋಗು. ನೀನು ಹೋದ ತಕ್ಷಣ ಗೆರೆ ಇಳಿಯುತ್ತೆ. ಆಗ ಸೈನು ಮಾಡೋಕೆ ನಿಂಗೂ ಸುಲಭ, ನನ್ನ ಮೇಲೆ ಸಿಟ್ಟು ಉಳಿಯಲ್ಲ.

ಬಾಗಿಲು ತೆಗೆದೇ ಇರಲಿ, ನನ್ನ ಮಾತು ಕೇಳಿಸ್ಲಿ. ರೋಲ್ ಮೇಲೆ ಬರೀತಿದೀನಿ ನೋಡು, ಇಂಕಲ್ಲಿ. ‘ಅರ್ಜೂ ಹೊರಗೆ. ವೀರಭದ್ರಯ್ಯ ಒಳಗೆ.’ ಕೆಳಗೆ ನನ್ನ ಸೈನು. ನಾನು ಸೈನು ಹಾಕೋಕೆ ಹೆದರೋನಲ್ಲ, ನೋಡಿದ್ಯಾ?

ಈಗ ಇಳಿಯುತ್ತೆ.

ತಡಿ, ಸ್ವಲ್ಪ ಹೊತ್ತು ಹಿಡಿಯುತ್ತೆ. ಬಾಗಿಲ ಹತ್ರನೇ ನಿಂತ್ರೆ ಹೆಂಗೆ? ಹುಣಸೆ ಮರದ ಕೆಳಗೆ ಹೋಗು.

ಇನ್ನೂ ಸ್ವಲ್ಪ.

ಮರ ದಾಟಿ ಹೋಗಮ್ಮ, ಗೇಟಿನ ತನಕ. ವಾಚ್‌ಮನ್ ಕಾಳಯ್ಯನ ಸೈಕಲ್ ಅಲ್ಲೇನಾದ್ರೂ ಇದೆಯಾ? ಇಲ್ವಾ. ರಸ್ತೇಲಿ ಲಾರಿ ಏನಾದ್ರೂ... ಇಲ್ಲ. ಇನ್ನೂ ದೂರ ಹೋಗು. ರಸ್ತೆಗೇ ಇಳಿ.

ಇಳೀತಿಲ್ವಲ್ಲ ಇದು.

ಅಲ್ಲಿಂದ ಏನು ನೋಡ್ತೀಯ? ವಾಪಸ್ಸು ಯಾಕೆ ಬಂದೆ, ಅಲ್ಲೇ ಇರು ಅಂದೆ ತಾನೆ. ಮರದ ಹತ್ರನೇ ನಿಲ್ಲು, ಇನ್ನೊಂದು ಹೆಜ್ಜೆ ಇಡ್ಬೇಡ. ಮಾತಾಡೋರ ಮುಖ ನೋಡ್ಬೇಕು. ಕೆಳಗೆ ಏನು ನೋಡ್ತಿದೀಯ... ನನ್ನ ಕೈಯಾ? ಕೈ ಸೊಂಟದ ಮೇಲಿದ್ರೆ ಏನು? ಬೆನ್ನು ನೋವು ನಂಗೆ.

ಹಂಗೆ ನೋಡ್ಬೇಡ ಅಂದೆ.

ಅದು ಏನಿಲ್ಲ ಕಣಮ್ಮ. ಉಡಿದಾರ. ಅದಕ್ಕೆ ಒಂದು ಉಂಗುರ ಇದೆ, ಚಿಕ್ಕದು. ಕರೀ ಕುದುರೆ ಲಾಳದ್ದು. ಇಲ್ಲೇ ಕುಣಿಗಲಲ್ಲಿ ಲಾಳ ಹೊಡೆಯೋನ ಕೈಲಿ ಮಾಡಿಸಿದ್ದು. ಸಾಡೇಸಾತಿ ಶುರುವಾದಾಗ ಸರ್ವಮಂಗಳ ಕಟ್ಟಿದ್ಲು. ಬೆರಳಿಗೆ ಹಾಕ್ಕೊಂಡ್ರೆ ಸ್ಟಾಫ್ ರೂಮಲ್ಲಿ ನಗ್ತಾರೆ, ಶನಿ ಹಿಡಿದ ಫಿಸಿಕ್ಸ್ ಮೇಷ್ಟ್ರು ಅಂತಾರೆ, ಅದಕ್ಕೆ ಸೊಂಟಕ್ಕೆ. ನಾನು ಇದನ್ನೆಲ್ಲ ನಂಬಲ್ಲ. ನಂಬದೇ ಇರೋನು ಕಟ್ಕೊಂಡಿದ್ದು ಕಟ್ಕೊಂಡಂಗೇ ಅಲ್ಲ.

ಗೊತ್ತಿತ್ತಾ ಅಂತ ಕೇಳ್ತಿದೀಯಾ? ಕೇಳೋ ಹಕ್ಕು ನಿಂಗಿಲ್ಲ. ಆದ್ರೂ ಹೇಳ್ತೀನಿ. ಬಾಗಿಲ ಹತ್ರ ಬಂದಾಗೆಲ್ಲ ಕೈ ಅಲ್ಲಿಗೆ ಹೋಗ್ತಿತ್ತು. ಇಷ್ಟು ಚಿಕ್ಕದಕ್ಕೆ ಏನಾಗುತ್ತೆ ಅಂತ ಒಳಗೆ ಬರ್ತಿದ್ದೆ. ಏಳೂವರೆ ವರ್ಷ ಮುಗಿಯೋತನಕ ತೆಗೀಬಾರದು ಅಂತಾರೆ. ಮಧ್ಯದಲ್ಲಿ ತೆಗೆದ್ರೆ ಮನೇಲಿ ಯಾರಿಗಾದ್ರೂ... ನಿಂಗೆ ಮದುವೆ ಆಗಿಲ್ಲ, ಅದು ಗೊತ್ತಾಗಲ್ಲ.

ಸರಿ, ಆಗಿದ್ದಾಯ್ತು. ಕಾಗದ ಇನ್ನೂ ಇಲ್ಲೇ ಇದೆ, ನೀನು ಬಂದು ಸೈನು ಹಾಕು. ಉಂಗುರ ಉಂಗುರ ಅಂತ ನೀನು ಊರೆಲ್ಲ ಕೂಗಿದ್ರೂ, ನನ್ನ ಪಂಚೆ ಎತ್ತಿ ನೋಡೋರು ಯಾರಿದಾರೆ? ಬೀಗದಂಗಡಿ ಹುಡುಗಿ ಮಾತಿಗೆ ಎಷ್ಟು ಬೆಲೆ ಅಂತ ನಿಂಗೂ ಗೊತ್ತು.

ಏನು? ಡಬ್ಬದ ಕಡೆ ಯಾಕೆ ನೋಡ್ತೀಯ?

ಓ. ರೋಲು.

‘ಅರ್ಜೂ ಹೊರಗೆ. ವೀರಭದ್ರಯ್ಯ ಒಳಗೆ.’ ಗೆರೆ ಇಳಿಯದೆ ಹಂಗೇ ಮೇಲೇ ಓಡ್ತಾ ಇದೆ.

ಗಂಟು ಬಿಚ್ಚೋಕಾಗ್ತಿಲ್ಲ, ಬೆವರಿಗೆ ಗಟ್ಟಿ ಆಗಿದೆ. ಬಿಚ್ಚಿದ್ರೂ ಎಲ್ಲಿ ಎಸೀಲಿ, ಇರೋದು ಒಂದೇ ಬಾಗಿಲು, ಎದುರಿಗೆ ನೀನು. ನಾನು ಹೊರಗೆ ಬಂದ್ರೆ ಪೆನ್ನು ಇಳಿಯುತ್ತೆ. ಬರದೇ ಇದ್ರೆ ಹಿಂಗೇ ಬರೀತಾ ಇರುತ್ತೆ.

ನೀನು ಒಳಗೆ ಬಾ ಅರ್ಜೂ. ಇಬ್ಬರೂ ಒಳಗಿದ್ರೆ ಯಾರದ್ದು ಅಂತ ಯಾರಿಗೂ ಗೊತ್ತಾಗಲ್ಲ. ‘ಅರ್ಜೂ ಹೊರಗೆ’ ಅಂತ ತಪ್ಪಾಗಿ ಬರೆದೆ, ಬಾಗಿಲಲ್ಲೇ ಇದ್ಲು ಅಂತೀನಿ. ಬಾರಮ್ಮ. ಬೇಕಾದ್ರೆ ಈ ಸ್ಟೂಲ್ ಮೇಲೆ ಕೂತ್ಕೊ.

ಅರ್ಜೂ. ಅಲ್ಲೇ ಮರದ ಕೆಳಗೆ ಯಾಕಮ್ಮ ಕೂತ್ಬಿಟ್ಟೆ?