ಗಡಿಯಾರಕ್ಕಿಂತ ಮೊದಲು ಅಕ್ಕ

“ನಿನ್ನನ್ನ ಒಂಟಿಯಾಗಿ ಬಿಡಲ್ಲ ಅಂತ ಅಮ್ಮನ ಕೊನೇ ಗಳಿಗೇಲಿ ಮಾತು ಕೊಟ್ಟಿದ್ದೀನಿ ಕಣೋ.”

“ಆಗ ನಾನು ಚಡ್ಡಿ ಹಾಕ್ತಿದ್ದೆ, ಅಕ್ಕ.”

ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಿದ್ದ ದರ್ಜಿ ಮೊಣಕಾಲಿನ ನೋವು ಮರೆತು ಎದುರು ಬೆಂಚಿನಲ್ಲಿದ್ದ ಅಕ್ಕ-ತಮ್ಮನತ್ತ ಕಿವಿಕೊಟ್ಟ. ತಮ್ಮನ ತಲೆಯ ಮೇಲೆ ಉದ್ದನೆಯ ಹೊಲಿಗೆಯ ಗುರುತಿತ್ತು. ಕೈ ತಪ್ಪಿದ ಹೊಲಿಗೆ ಎಂದುಕೊಂಡ ದರ್ಜಿ. ಮಣಿಕಟ್ಟಿನಲ್ಲಿ, ಹೊತ್ತುಹೊತ್ತಿಗೆ ಕೆಲಸ ನೆನಪಿಸುವ ಮಾತಾಡುವ ಗಡಿಯಾರವಿತ್ತು.

“ಇವತ್ತು ಯಾರೂ ಹೇಳದೆ, ಈ ಗಡಿಯಾರಾನೇ ನಂಬಿ ಒಳಗೆ ಹೋದ್ರೆ, ಮೊದಲು ನಾನೊಬ್ಬನೇ ಇದ್ದ ಬಾಡಿಗೆ ರೂಮಿಗೆ ವಾಪಸ್ ಕಳಿಸ್ತಾರಂತೆ ಡಾಕ್ಟರು.”

“ಹೋಗು. ನಾನೇನು ಹಿಡ್ಕೊಂಡಿದ್ದೀನಾ?”

“ತೋಳು ಹಿಡ್ಕೊಂಡಿದ್ದೀಯ.”

ಅಕ್ಕ ಕೈ ಬಿಟ್ಟಳು.

“ಒಲೆ ಆರಿಸೋದು ಮರೀತೀಯಲ್ಲೋ.”

“ಅದಕ್ಕೇ ತಾನೆ ಇದನ್ನ ಕಟ್ಟಿರೋದು? ಪಾಪ, ಇದು ಬಾಯಿ ತೆರೆಯೋಷ್ಟರಲ್ಲಿ ನೀನೇ ‘ಒಲೆ, ಒಲೆ’ ಅಂತ ಬೊಬ್ಬೆ ಹಾಕಿರ್ತೀಯ. ಕಟ್ಟಿದ ದಿನದಿಂದ ಇದಕ್ಕೆ ಕೆಲಸಾನೇ ಇಲ್ಲ.”

“ಅದರೊಳಗೆ ಮಾತಾಡೋಳೂ ನಾನೇ.”

“ಗೊತ್ತು. ಆದ್ರೆ ಅವಳು ಒಂದು ಸಲ ಹೇಳಿ ಸುಮ್ಮನಾಗ್ತಾಳೆ.”

ದರ್ಜಿ ನಗು ನುಂಗಲು ಕೆಮ್ಮಿದ.

ಮೂರನೇ ಕೋಣೆಯ ಬಾಗಿಲು ತೆರೆಯಿತು. ತಮ್ಮ ಕಿಟಕಿ ನೋಡುತ್ತಾ ಕೂತೇ ಇದ್ದ. ಯಾಕೆ ಬಂದಿದ್ದೇನೆ ಎಂಬುದೇ ಅವನಿಗೆ ಮರೆತಂತಿತ್ತು. ಅಕ್ಕನ ಬಾಯಿ ತೆರೆಯಿತು. ಅವಳು ಎರಡೂ ಅಂಗೈಗಳಿಂದ ಅದನ್ನು ಮುಚ್ಚಿಕೊಂಡಳು.

ಗಡಿಯಾರ ಗುಂಯ್‌ಗುಟ್ಟಿ, ಅವಳದೇ ದನಿಯಲ್ಲಿ “ಹೊತ್ತಾಯ್ತು, ಏಳಪ್ಪ. ಮೂರನೇ ಕೋಣೆ” ಎಂದಿತು.

“ನೋಡಿದ್ಯಾ, ಬಿಟ್ರೆ ಇವಳೂ ಮಾತಾಡ್ತಾಳೆ” ಎನ್ನುತ್ತಾ ತಮ್ಮ ಎದ್ದು ಒಳಗೆ ಹೋದ.

ಅಕ್ಕ ಬೆಂಚಿನಲ್ಲೇ ಉಳಿದಳು. ಅಮ್ಮನಿಗೆ ಕೊಟ್ಟ ಮಾತನ್ನು ಅವಳು ಅಂದು ಮುರಿದಳು.