ಐವತ್ತೆಂಟು ಅಂಕದ ಜಾಣೆ

ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಆ ಹೈಸ್ಕೂಲಿನ ದಾಖಲಾತಿ ಸಾಲು ಎಷ್ಟು ಉದ್ದವಿತ್ತೆಂದರೆ, ಸೇರಲು ಬಂದವರಿಗೆ ನಿಂತಲ್ಲೇ ಗಡ್ಡ ನೆರೆತಿತ್ತು. ನನ್ನ ಕಿವಿಯೋ, ಸಾಗರದಾಚೆಯ ಟೊಂಗಾ ದ್ವೀಪದಲ್ಲಿ ತೆಂಗಿನಕಾಯಿ ಬಿದ್ದರೆ ಇಲ್ಲಿ ಕೇಳಿಸುವಂಥದ್ದು. ನನ್ನ ಮುಂದೆ ಮುದುಕಿ ಪಿಸಿಲಾ, ಟೊಂಗಾದಿಂದ ಈಗಷ್ಟೇ ಬಂದ ತಮ್ಮನ ಮಗಳು ಲಾವಿನಿಯಾಳ ಅಂಕಪಟ್ಟಿ ಹಿಡಿದು ನಿಂತಿದ್ದಳು. ಕಿಟಕಿಯಾಚೆ ಕೂತಿದ್ದ ಗುಮಾಸ್ತೆ ಫೂಸಿಯೂ ಟೊಂಗಾದವಳೇ. ಅವಳು ಅಂಕಪಟ್ಟಿ ತಿರುವಿ ನೋಡಿದಳು.

"ಗಣಿತದಲ್ಲಿ ಐವತ್ತೆಂಟು. ಇಲ್ಲಿ ಅರವತ್ತರ ಕೆಳಗೆ ಫೇಲು ಅಮ್ಮಾ. ಮತ್ತೆ ಹನ್ನೊಂದನೇ ತರಗತೀಲಿ ಕೂರಿಸ್ಬೇಕಾಗುತ್ತೆ."

"ಫೇಲಾ? ಈ ಐವತ್ತೆಂಟಕ್ಕೆ ಊರಿನವರು ಹಂದಿ ಸುಟ್ಟು ಊಟ ಹಾಕಿದಾರೆ ಕಣೇ!"

"ಅಂಕಪಟ್ಟೀಲಿ ಹಂದಿ ಕಾಣಿಸ್ತಿಲ್ವಲ್ಲ."

"ಇಲ್ಲಿ ಹೆಸರು ಬರೆದರೇ ತೊಂಬತ್ತು ಕೊಡ್ತೀರಿ. ನಮ್ಮ ಮೇಷ್ಟ್ರು, ದೇವರೇ ಬಂದು ಪರೀಕ್ಷೆ ಬರೆದರೂ ಎಪ್ಪತ್ತು ದಾಟಿಸಲ್ಲ."

"ತರಗತೀಲಿ ಇವಳಾದ ಮೇಲೆ ಎರಡನೆಯವರಿಗೆ ಎಷ್ಟು ಬಂದಿದೆ?"

"ನಲವತ್ತೊಂದು."

"ಹಾಗಾದ್ರೆ ತರಗತಿಗೆ ಇವಳೇ ಮೊದಲು ಅಂತ ಊರಿನ ಹೆಡ್‌ಮಾಸ್ಟರಿಂದ ಪತ್ರ ತರಿಸಿ. ಹನ್ನೆರಡಕ್ಕೇ ಸೇರಿಸ್ತೀನಿ."

ಪಕ್ಕದಲ್ಲೇ ನಿಂತಿದ್ದ ಲಾವಿನಿಯಾ ಪಿಸುಗುಟ್ಟಿದಳು: "ಅತ್ತೆ, ಅವರು ಬರೆಯಲ್ಲ. ಎರಡನೆಯವನು ಅವರ ಮಗನೇ."

"ಬರೀದೆ ಎಲ್ಲಿಗೆ ಹೋಗ್ತಾನೆ? ಆ ಹೆಡ್‌ಮಾಸ್ಟರು ನಮ್ಮ ದೊಡ್ಡಣ್ಣನ ಮಗ. ಅವನಿಗೂ ನಾನೇ ಸೋದರತ್ತೆ!"

ಫೂಸಿ ಕೂತಲ್ಲೇ ನೆಟ್ಟಗಾದಳು. "ಅದನ್ನ ಮೊದಲೇ ಹೇಳ್ಬಾರ್ದಾ? ಸೋದರತ್ತೆ ಮಾತು ಮೀರೋ ಗಂಡು ಟೊಂಗಾದಲ್ಲಿ ಇನ್ನೂ ಹುಟ್ಟಿಲ್ಲ. ಪತ್ರ ಬಂದಂಗೇ ಬಿಡಿ. ಸೋಮವಾರ ಹನ್ನೆರಡನೇ ತರಗತಿಗೆ ಬಾರಮ್ಮ."

ಪಿಸಿಲಾ ಫೋನು ತೆಗೆದುಕೊಂಡು ಬಾಗಿಲ ಕಡೆ ನಡೆದಳು. ಲಾವಿನಿಯಾ ಹಿಂದೆಯೇ ಓಡಿದಳು.

"ಅತ್ತೆ, ಬೈಬೇಡಿ ಅವರಿಗೆ."

"ಬೈಯೋದ್ಯಾಕೆ? ಹೆಸರು ಹಿಡಿದು ಒಂದ್ಸಲ ಕೂಗಿದ್ರೆ ಸಾಕು."